ಜೀವಕೋಶದ ಚೌಕ ಎರಡಕ್ಕಿಂತ ಹೆಚ್ಚಾದರೆ ಏನಾಗುತ್ತದೆ?



ಕ್ಯಾನ್ಸರ್ ಎಂಬ ಹೆಸರು ಕೇಳದವರು ನಮ್ಮೂರಲ್ಲಿ ಯಾರೂ ಇಲ್ಲ. "ಅವರಿಗೆ ಗಂಟಾಗೇತಂತ", "ಇವರಿಗೆ ಬಾಯಾಗಿನ ಹುಣ್ಣು ಮಾಯವಲ್ದಂತ" ಎಂದು ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಆದರೆ ಆ ಗಂಟು ಎಲ್ಲಿಂದ ಬಂತು ಎಂದು ಕೇಳಿದರೆ ಕೆಲವರು ಹಣೆಬರಹ ಅಂತಾರ, ಕೆಲವರು ಯಾರದೋ ದೃಷ್ಟಿ ಅಂತಾರ. ಅದು ಹೊರಗಿನಿಂದ ಬರುವ ಭೂತ ಅಲ್ಲ. ನಮ್ಮ ಮೈಯೊಳಗಿನ ಜೀವಕೋಶವೇ ಲೆಕ್ಕ ತಪ್ಪಿ, ನಿಲ್ಲದೆ ಬೆಳೆದು ಗಂಟಾಗುತ್ತದೆ. ಲೆಕ್ಕ ತಪ್ಪಲು ಹಲವು ಕಾರಣಗಳಿವೆ. ಅವುಗಳಲ್ಲಿ ಒಂದನ್ನು ನಮ್ಮ ವಿಜ್ಞಾನ ಗುರುಗಳಿಂದ ಕೇಳಿ, ಓದಿ ತಿಳಿದುಕೊಂಡು ಇಲ್ಲಿ ಬರದೇನಿ. ಅದರ ಹೆಸರು ಸೆಂಟ್ರೋಸೋಮ್. ಹೆಸರು ಕೇಳಿ ಹೆದರಬೇಡಿರಿ. ನಿಧಾನವಾಗಿ ಓದಿದರೆ ಹಗ್ಗ ಜಗ್ಗಾಟ ಆಡಿದಷ್ಟೇ ಸುಲಭ ಐತಿ.

ಸೆಂಟ್ರೋಸೋಮ್ ಎಂದರೆ ಏನು?

ವಿಜಯಪುರದ ಬಜಾರಕ್ಕೆ ಹೋದವರು ಗಾಂಧಿ ಚೌಕ ನೋಡದೆ ಬರುವುದಿಲ್ಲ. ಟಿಕೋಟಾ ಕಡೆಯಿಂದ ಹೋದವರಿಗೂ ಗೊತ್ತು, ಬಬಲೇಶ್ವರ ಕಡೆಯಿಂದ ಹೋದವರಿಗೂ ಗೊತ್ತು. ಅಲ್ಲಿ ಬೇರೆ ಬೇರೆ ಕಡೆಯ ರಸ್ತೆಗಳು ಕೂಡುತ್ತವೆ. ನಮ್ಮ ಹೆಚ್ಚಿನ ಜೀವಕೋಶಗಳ ಒಳಗೂ ಇಂಥದೇ ಒಂದು ಚೌಕ ಇದೆ. ಅದೇ ಸೆಂಟ್ರೋಸೋಮ್. ಅಲ್ಲಿಂದ ಬಹಳ ಸಣ್ಣ ದಾರಗಳು ನಾಲ್ಕೂ ಕಡೆ ಹೋಗಿರುತ್ತವೆ. ಈ ದಾರಗಳ ಮೇಲೆ ಕೋಶದ ಸಾಮಾನುಗಳು ಅತ್ತಿಂದಿತ್ತ ಸಾಗುತ್ತವೆ, ನಮ್ಮ ರಸ್ತೆಯ ಮೇಲೆ ಟಂಟಂ, ಬಸ್ಸು ಓಡಾಡಿದ ಹಾಗೆ.

ಇದು ಎಷ್ಟು ದೊಡ್ಡದು? ಸುಮಾರು ಒಂದು ಮೈಕ್ರೋಮೀಟರ್. ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತೆಗೆದು ಒಂದು ಮಿಲಿಮೀಟರ್ ಗೆರೆ ನೋಡಿರಿ. ಅಷ್ಟರೊಳಗೆ ಸುಮಾರು ಸಾವಿರ ಸೆಂಟ್ರೋಸೋಮುಗಳನ್ನು ಸಾಲಾಗಿ ನಿಲ್ಲಿಸಬಹುದು. ಅದರ ನಡುವೆ ಸೆಂಟ್ರಿಯೋಲ್ ಎಂಬ ಎರಡು ಸಣ್ಣ ಕೊಳವೆಗಳು ಇರುತ್ತವೆ.

ಪಾಲು ಮಾಡುವ ಕೆಲಸ

ನಾವು ಬೆಳೆಯುವುದು, ಬಿದ್ದು ಕಿತ್ತುಹೋದ ಮೊಣಕಾಲಿನ ತೊಗಲು ಮತ್ತೆ ಬರುವುದು, ಇವೆಲ್ಲ ಜೀವಕೋಶ ಒಡೆದು ಎರಡಾಗುವುದರಿಂದ ಆಗುತ್ತದೆ. ಒಂದು ಕೋಶ ಎರಡಾಗುವುದು ಅಂದರೆ ಅಣ್ಣತಮ್ಮಂದಿರು ಬೇರೆ ಆದಂತೆ. ಮನೆಯಲ್ಲಿ ಇದ್ದದ್ದೆಲ್ಲ ಸರಿಯಾಗಿ ಎರಡು ಪಾಲು ಆಗಬೇಕು. ಒಬ್ಬನಿಗೆ ಎರಡು ಕೊಡಲಿ, ಇನ್ನೊಬ್ಬನಿಗೆ ಕುಡಗೋಲೇ ಇಲ್ಲ ಎಂದಾದರೆ ಒಕ್ಕಲುತನ ನಡೆಯುವುದಿಲ್ಲ.

ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳಿವೆ. ಕೋಶ ಏನು ಮಾಡಬೇಕು, ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದು ಅವುಗಳಲ್ಲಿ ಬರೆದಿದೆ. ಒಡೆಯುವ ಮೊದಲು ಕೋಶ ಪ್ರತಿಯೊಂದಕ್ಕೂ ಒಂದು ನಕಲು ಮಾಡುತ್ತದೆ. ಆಗ 92 ಆಗುತ್ತವೆ. ಜೊತೆಗೆ ಸೆಂಟ್ರೋಸೋಮ್ ಕೂಡ ಒಂದು ಇದ್ದದ್ದು ಎರಡಾಗುತ್ತದೆ. ಒಂದು ಈ ದಂಡೆಗೆ, ಇನ್ನೊಂದು ಆ ದಂಡೆಗೆ ಹೋಗಿ ನಿಲ್ಲುತ್ತದೆ. ಎರಡೂ ಕಡೆಯಿಂದ ದಾರಗಳು ಬಂದು ವರ್ಣತಂತುಗಳನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಜಗ್ಗಾಟ ಶುರು. ಇತ್ತ 46, ಅತ್ತ 46. ಪಾಲು ಸರಿ ಆಯಿತು. ನಡುವೆ ಗೋಡೆ ಬಿದ್ದು ಎರಡು ಕೋಶ ಆದವು. ಪ್ರತಿ ಕೋಶಕ್ಕೂ ಮತ್ತೆ ಒಂದೊಂದೇ ಸೆಂಟ್ರೋಸೋಮ್.

ಇದರಲ್ಲಿ ನೆನಪಿಡಬೇಕಾದ ಲೆಕ್ಕ ಇಷ್ಟೇ. ಸುಮ್ಮನಿದ್ದಾಗ ಒಂದು, ಒಡೆಯುವಾಗ ಎರಡು. ಮೂರು ಬೇಡ, ನಾಲ್ಕು ಬೇಡ.

ಮಾಡಿ ನೋಡಿರಿ

ಹಳೆ ನೋಟ್‌ಬುಕ್ಕಿನ ಹಾಳೆಯಿಂದ 10 ಚೀಟಿ ಕತ್ತರಿಸಿರಿ. 1ರಿಂದ 5ರವರೆಗಿನ ಅಂಕಿಗಳನ್ನು ಎರಡೆರಡು ಚೀಟಿಯ ಮೇಲೆ ಬರೆಯಿರಿ. ಇಬ್ಬರು ಎದುರುಬದುರು ಕುಳಿತು ಪ್ರತಿ ಜೋಡಿಯಲ್ಲಿ ಒಂದೊಂದು ತೆಗೆದುಕೊಳ್ಳಿರಿ. ಇಬ್ಬರ ಹತ್ತಿರವೂ 1, 2, 3, 4, 5 ಪೂರ್ತಿ ಬರುತ್ತವೆ.

ಈಗ ಮೂವರು ಕುಳಿತುಕೊಳ್ಳಿರಿ. ಒಂದೊಂದು ಜೋಡಿಯ ಎರಡು ಚೀಟಿಗಳನ್ನು ಮೂವರಲ್ಲಿ ಯಾರಾದರೂ ಇಬ್ಬರು ಹಿಡಿಯಲಿ. ಹೇಗೆ ಹಂಚಿದರೂ ಪ್ರತಿ ಅಂಕಿ ಒಬ್ಬನಿಗೆ ತಪ್ಪುತ್ತದೆ. ಐದು ಅಂಕಿಗಳಲ್ಲಿ ಒಟ್ಟು ಐದು ಕೊರತೆ. ನಾವು ನಮ್ಮ ತರಗತಿಯಲ್ಲಿ ಆಡಿದಾಗ ಒಬ್ಬನ ಕೈಯಲ್ಲಿ ಒಂದೇ ಒಂದು ಚೀಟಿ ಉಳಿಯಿತು! ಸೆಂಟ್ರೋಸೋಮ್ ಮೂರಾದ ಕೋಶದಲ್ಲಿ ಇದೇ ಆಗುತ್ತದೆ. ಮೂರು ಕಡೆಯಿಂದ ಜಗ್ಗುತ್ತವೆ, ಪಾಲು ಕೆಡುತ್ತದೆ. ಹುಟ್ಟಿದ ಕೋಶಗಳಲ್ಲಿ ಬೇಕಾದದ್ದು ಇಲ್ಲದ ಕಾರಣ ಹೆಚ್ಚಿನವು ಸತ್ತುಹೋಗುತ್ತವೆ.

ಇದನ್ನು ಮೊದಲು ಕಂಡವರು

ಜರ್ಮನಿಯಲ್ಲಿ ಥಿಯೋಡರ್ ಬೊವೆರಿ ಎಂಬ ವಿಜ್ಞಾನಿ ಇದ್ದರು. ಹುಟ್ಟಿದ್ದು 1862, ತೀರಿಕೊಂಡದ್ದು 1915. ಸೆಂಟ್ರೋಸೋಮ್ ಎಂಬ ಹೆಸರು ಇಟ್ಟವರು ಅವರೇ, 1888ರಲ್ಲಿ. ಅವರು ಇಟಲಿಯ ನೇಪಲ್ಸ್ ಊರಿನ ಸಮುದ್ರದಲ್ಲಿ ಸಿಗುವ ಮುಳ್ಳುಚೆಂಡಿನಂಥ ಪ್ರಾಣಿಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದಕ್ಕೆ ಸಮುದ್ರ ಅರ್ಚಿನ್ ಎನ್ನುತ್ತಾರೆ. ಒಂದು ಮೊಟ್ಟೆಯೊಳಗೆ ಒಂದೇ ವೀರ್ಯಾಣು ಹೋಗಬೇಕು. ಅವರು ಎರಡು ಹೋಗುವಂತೆ ಮಾಡಿದರು. ಸೆಂಟ್ರೋಸೋಮನ್ನು ತರುವುದು ವೀರ್ಯಾಣು. ಆದ್ದರಿಂದ ಎರಡು ಹೋದರೆ ಒಡೆಯುವ ಹೊತ್ತಿಗೆ ನಾಲ್ಕು ಆಗುತ್ತವೆ. ಮೊಟ್ಟೆ ಎರಡಾಗಿ ಒಡೆಯುವ ಬದಲು ಒಮ್ಮೆಲೇ ನಾಲ್ಕಾಗಿ ಒಡೆಯಿತು. ವರ್ಣತಂತುಗಳು ಹೇಗೆ ಬೇಕೋ ಹಾಗೆ ಹಂಚಿಹೋದವು. ಮರಿಗಳು ಹೆಚ್ಚಾಗಿ ಉಳಿಯಲಿಲ್ಲ.

ಇದನ್ನು ನೋಡಿ ಬೊವೆರಿಯವರು 1914ರಲ್ಲಿ ಒಂದು ಪುಸ್ತಕ ಬರೆದರು. ಕ್ಯಾನ್ಸರ್ ಗಂಟು ಕೂಡ ಹೀಗೆ ವರ್ಣತಂತುಗಳ ಪಾಲು ತಪ್ಪಿದ ಒಂದು ಕೋಶದಿಂದ ಹುಟ್ಟಬಹುದು ಎಂದು ಅದರಲ್ಲಿ ಹೇಳಿದರು. ಆಗ ಅದನ್ನು ತೋರಿಸಿಕೊಡುವ ಉಪಕರಣಗಳು ಇರಲಿಲ್ಲ. ಅವರ ಹೆಂಡತಿ ಮಾರ್ಸೆಲ್ಲಾ ಕೂಡ ಜೀವವಿಜ್ಞಾನಿ. ಗಂಡ ತೀರಿಕೊಂಡ ಮೇಲೆ 1929ರಲ್ಲಿ ಆ ಪುಸ್ತಕವನ್ನು ಇಂಗ್ಲಿಷಿಗೆ ತಂದವರು ಅವರು. ನಮ್ಮ ವರ್ಗದ ಗೆಳತಿಯರು ಇದನ್ನು ಗಮನಿಸಬೇಕು.

1998ರ ಸುಮಾರಿಗೆ ವಿಜ್ಞಾನಿಗಳು ರೋಗಿಗಳಿಂದ ತೆಗೆದ ಕ್ಯಾನ್ಸರ್ ಗಂಟುಗಳನ್ನು ಪರೀಕ್ಷಿಸಿದಾಗ ಹಲವು ಗಂಟುಗಳಲ್ಲಿ ಸೆಂಟ್ರೋಸೋಮುಗಳು ಲೆಕ್ಕಕ್ಕಿಂತ ಹೆಚ್ಚು ಇದ್ದವು. ಎದೆಯ ಕ್ಯಾನ್ಸರಿನಲ್ಲಿ, ಕರುಳಿನದರಲ್ಲಿ, ಮುಂದೆ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನಲ್ಲಿಯೂ ಇದು ಕಂಡಿತು. ಬೊವೆರಿಯವರ ಮಾತು ಮತ್ತೆ ಎಲ್ಲರ ನೆನಪಿಗೆ ಬಂತು.

ಲೆಕ್ಕ ಹೆಚ್ಚಾಗುವುದು ಹೇಗೆ?

ಮುಖ್ಯವಾಗಿ ಎರಡು ದಾರಿ.

ಒಂದನೆಯದು: ಕೋಶದಲ್ಲಿ ಪಿ.ಎಲ್.ಕೆ.4 ಎಂಬ ಒಂದು ಪ್ರೋಟೀನ್ ಇದೆ. ಸೆಂಟ್ರಿಯೋಲಿಗೆ ನಕಲು ಮಾಡಿಸುವ ಮೇಸ್ತ್ರಿ ಅದು. ಒಂದಕ್ಕೆ ಒಂದೇ ನಕಲು ಎಂದು ಕೆಲಸ ಮುಗಿಸಬೇಕು. ಆ ಪ್ರೋಟೀನ್ ಹೆಚ್ಚಾದರೆ ಮೇಸ್ತ್ರಿ ನಿಲ್ಲುವುದಿಲ್ಲ, ಒಂದರ ಸುತ್ತ ಹಲವು ನಕಲು ಕಟ್ಟಿಸುತ್ತಾನೆ.

ಎರಡನೆಯದು: ಕೋಶ ಎಲ್ಲ ತಯಾರಿ ಮಾಡಿಕೊಂಡು ಕೊನೆಗೆ ಒಡೆಯುವುದರಲ್ಲಿ ಸೋಲುತ್ತದೆ. ನಡುವೆ ಗೋಡೆ ಬೀಳುವುದಿಲ್ಲ. ಆಗ ಎರಡು ಮನೆಯ ಸಾಮಾನು ಒಂದೇ ಮನೆಯಲ್ಲಿ ಉಳಿಯುತ್ತದೆ. ಸೆಂಟ್ರೋಸೋಮ್ ಕೂಡ ಎರಡು ಉಳಿಯುತ್ತವೆ. ಮುಂದಿನ ಸಲ ಅವು ನಾಲ್ಕಾಗುತ್ತವೆ.

ಹೆಚ್ಚು ಇದ್ದದ್ದೆಲ್ಲ ಕೆಟ್ಟದ್ದೇ ಎಂದು ತಿಳಿಯಬಾರದು. ನಮ್ಮ ಶ್ವಾಸನಾಳದ ಒಳಗಿನ ಕೋಶಗಳಲ್ಲಿ ನೂರಾರು ಸೆಂಟ್ರಿಯೋಲುಗಳು ಇರುತ್ತವೆ. ಅವುಗಳಿಂದ ಸಣ್ಣ ರೋಮಗಳು ಹುಟ್ಟಿ ಉಸಿರಿನ ಧೂಳನ್ನು ಮೇಲಕ್ಕೆ ತಳ್ಳುತ್ತವೆ. ಆದರೆ ಆ ಕೋಶಗಳು ಮತ್ತೆ ಒಡೆಯುವುದಿಲ್ಲ. ಪಾಲು ಮಾಡುವ ಪ್ರಸಂಗವೇ ಇಲ್ಲದ ಮೇಲೆ ಜಗಳ ಎಲ್ಲಿಂದ ಬರಬೇಕು?

ಕೋಶದ ಕಾವಲುಗಾರ

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಮೈಯಲ್ಲಿ ದಿನಾಲೂ ಲೆಕ್ಕವಿಲ್ಲದಷ್ಟು ಕೋಶಗಳು ಒಡೆಯುತ್ತವೆ. ಯಾವುದಾದರೂ ಒಂದರಲ್ಲಿ ತಪ್ಪು ಆಗೇ ಆಗುತ್ತದೆ. ಹಾಗಾದರೆ ಎಲ್ಲರಿಗೂ ಕ್ಯಾನ್ಸರ್ ಯಾಕೆ ಬರುವುದಿಲ್ಲ?

ಯಾಕಂದ್ರ ಕೋಶದಲ್ಲಿ ಒಬ್ಬ ಕಾವಲುಗಾರ ಇದ್ದಾನೆ. ಅವನ ಹೆಸರು ಪಿ53. ಇದು 1979ರಲ್ಲಿ ಗೊತ್ತಾದ ಒಂದು ಪ್ರೋಟೀನ್. ಕೋಶದಲ್ಲಿ ತಪ್ಪು ಕಂಡರೆ ಇವನು "ನಿಲ್ಲು, ಮುಂದ ಒಡೀಬ್ಯಾಡ" ಎನ್ನುತ್ತಾನೆ. ಸರಿಪಡಿಸಲು ಆಗದಿದ್ದರೆ ಆ ಕೋಶ ತಾನೇ ಸಾಯುವಂತೆ ಮಾಡುತ್ತಾನೆ. ಸೆಂಟ್ರೋಸೋಮ್ ಹೆಚ್ಚಾದ ಸುದ್ದಿ ಇವನಿಗೆ ಹೇಗೆ ಮುಟ್ಟುತ್ತದೆ ಎಂಬುದನ್ನು 2017ರಲ್ಲಿ ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ಊರಿನ ವಿಜ್ಞಾನಿಗಳು ತೋರಿಸಿದರು. ಹೆಚ್ಚಾದ ಸೆಂಟ್ರೋಸೋಮುಗಳ ಹತ್ತಿರ ಪಿಡ್ಡೊಸೋಮ್ ಎಂಬ ಪ್ರೋಟೀನುಗಳ ಗುಂಪು ಎಚ್ಚರಗೊಂಡು ಕಾವಲುಗಾರನನ್ನು ಎಬ್ಬಿಸುತ್ತದೆ. ನಮ್ಮೂರಲ್ಲಿ ಹೊಲಕ್ಕೆ ದನ ನುಗ್ಗಿದರೆ ನಾಯಿ ಬೊಗಳಿ ಮಾಲಕನನ್ನು ಎಬ್ಬಿಸುವುದಿಲ್ಲವೆ? ಹಾಗೆ.

ಆದ್ದರಿಂದ ಕಾವಲುಗಾರ ಸರಿ ಇದ್ದರೆ ಹೆಚ್ಚಿನ ಸೆಂಟ್ರೋಸೋಮ್ ಬಂದ ಕೋಶ ಬಹುತೇಕ ಅಲ್ಲಿಗೇ ನಿಲ್ಲುತ್ತದೆ. ಕಾವಲುಗಾರನೇ ಕೆಟ್ಟರೆ? ಆಗ ಲೆಕ್ಕ ತಪ್ಪಿದ ಕೋಶ ಮತ್ತೆ ಮತ್ತೆ ಒಡೆಯುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ53 ಕೆಟ್ಟಿರುತ್ತದೆ. ಕೆಲವು ಸಲ ಕೆಟ್ಟ ಪಿ53 ಸುಮ್ಮನೆ ಇರದೆ ಗಂಟು ಬೆಳೆಯಲು ಸಹಾಯ ಕೂಡ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಅದು ಇದೇ.

ನೊಣ ಮತ್ತು ಇಲಿಗಳ ಮೇಲೆ ಪರೀಕ್ಷೆ

ಸೆಂಟ್ರೋಸೋಮ್ ಹೆಚ್ಚಾದದ್ದರಿಂದ ಕ್ಯಾನ್ಸರ್ ಬಂತೋ, ಕ್ಯಾನ್ಸರ್ ಬಂದದ್ದರಿಂದ ಸೆಂಟ್ರೋಸೋಮ್ ಹೆಚ್ಚಾದವೋ? ಮಳೆ ಬಂದು ಕೆಸರಾಯಿತೋ, ನಲ್ಲಿ ಒಡೆದು ಕೆಸರಾಯಿತೋ ಎಂದು ಕೇಳಿದ ಹಾಗೆ. ಇದಕ್ಕೆ ಪರೀಕ್ಷೆ ಮಾಡಿಯೇ ಉತ್ತರ ಹುಡುಕಬೇಕು.

2008ರಲ್ಲಿ ಹಣ್ಣಿನ ಮೇಲೆ ಕೂಡುವ ಸಣ್ಣ ನೊಣಗಳಲ್ಲಿ ಸೆಂಟ್ರೋಸೋಮ್ ಹೆಚ್ಚಾಗುವಂತೆ ಮಾಡಿದರು. ಆಶ್ಚರ್ಯ ಅಂದರೆ ನೊಣಗಳು ಬೆಳೆದು ದೊಡ್ಡವಾದವು. ಆದರೆ ಅವುಗಳ ಹುಳುವಿನ ಮಿದುಳಿನ ಸ್ವಲ್ಪ ಭಾಗ ತೆಗೆದು ಬೇರೆ ನೊಣದ ಹೊಟ್ಟೆಯಲ್ಲಿ ಇಟ್ಟಾಗ ಅಲ್ಲಿ ಗಂಟು ಬೆಳೆಯಿತು.

2013ರಲ್ಲಿ ಪ್ಯಾರಿಸ್ಸಿನಲ್ಲಿ ಇಲಿಯ ಮಿದುಳಿನಲ್ಲಿ ಇದನ್ನು ಮಾಡಿ ನೋಡಿದರು. ಅಲ್ಲಿ ಗಂಟು ಬರಲಿಲ್ಲ. ಕೋಶಗಳು ಬಹಳ ಸತ್ತು ಮಿದುಳೇ ಸಣ್ಣದಾಯಿತು. 2015ರಲ್ಲಿ ಬೇರೆ ಅಂಗಗಳಲ್ಲಿ ಮಾಡಿದ ಪರೀಕ್ಷೆಗಳಲ್ಲಿಯೂ, ಕಾವಲುಗಾರ ಸರಿ ಇದ್ದ ಇಲಿಗಳಿಗೆ ಕ್ಯಾನ್ಸರ್ ಬರಲಿಲ್ಲ. "ಹಾಗಾದರೆ ಸೆಂಟ್ರೋಸೋಮಿನ ತಪ್ಪೇನೂ ಇಲ್ಲ" ಎಂದು ಕೆಲವರು ಹೇಳಿದರು.

2017ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇನ್ನೊಂದು ರೀತಿ ಮಾಡಿದರು. ಪಿ.ಎಲ್.ಕೆ.4 ಪ್ರೋಟೀನನ್ನು ಬಹಳ ಅಲ್ಲ, ಸ್ವಲ್ಪವೇ ಹೆಚ್ಚು ಮಾಡಿ, ಬಹಳ ದಿನ ಕಾದರು. ಆ ಇಲಿಗಳಲ್ಲಿ ಚರ್ಮದಲ್ಲಿ, ರಕ್ತದ ಕೋಶಗಳಲ್ಲಿ, ಬೇರೆ ಕಡೆಗಳಲ್ಲಿ ಗಂಟುಗಳು ತಾವಾಗಿಯೇ ಹುಟ್ಟಿದವು. ಹೆಚ್ಚಿನ ಸೆಂಟ್ರೋಸೋಮ್ ಒಂದೇ ಸಾಕು, ಕ್ಯಾನ್ಸರಿಗೆ ದಾರಿ ಮಾಡಿಕೊಡಬಲ್ಲದು ಎಂದು ಆಗ ಗೊತ್ತಾಯಿತು.

ಎರಡೂ ಮಾತು ಹೇಗೆ ಸರಿ ಆಗುತ್ತವೆ? ಒಮ್ಮೆಲೇ ಬಹಳ ಹೆಚ್ಚಾದರೆ ಪಾಲು ಪೂರ್ತಿ ಕೆಟ್ಟು ಕೋಶವೇ ಸಾಯುತ್ತದೆ. ಸತ್ತ ಕೋಶ ಗಂಟು ಆಗುವುದಿಲ್ಲ. ಸ್ವಲ್ಪವೇ ಹೆಚ್ಚಾದರೆ ಕೋಶ ಬದುಕಿ ಉಳಿಯುತ್ತದೆ, ತಪ್ಪು ಲೆಕ್ಕವನ್ನು ಮಕ್ಕಳಿಗೆ ಮೊಮ್ಮಕ್ಕಳಿಗೆ ದಾಟಿಸುತ್ತದೆ. ನೇರವಾಗಿ ಬಂದ ಕಳ್ಳನಿಗಿಂತ ಮನೆಯವರಂತೆ ಇದ್ದು ಕದಿಯುವವನು ಹೆಚ್ಚು ಅಪಾಯ.

ಆಯುಷ್ಯದ ಲೆಕ್ಕ

ಪ್ರಯೋಗಶಾಲೆಯ ಇಲಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬದುಕುತ್ತದೆ. 1992ರಲ್ಲಿ ಪಿ53 ಇಲ್ಲದ ಇಲಿಗಳನ್ನು ಬೆಳೆಸಿದರು. ಅವು ಹುಟ್ಟುವಾಗ ಚೆನ್ನಾಗಿಯೇ ಇದ್ದವು. ಆದರೆ ಆರು ತಿಂಗಳೊಳಗೆ ಅವುಗಳಲ್ಲಿ ಬಹುಪಾಲಿಗೆ ಗಂಟು ಬಂತು. ಇಂಥ ಕಾವಲುಗಾರ ಇಲ್ಲದ ಇಲಿಗಳಲ್ಲಿ ಸೆಂಟ್ರೋಸೋಮನ್ನೂ ಹೆಚ್ಚು ಮಾಡಿದಾಗ ಗಂಟುಗಳು ಇನ್ನೂ ಬೇಗ ಬಂದವು. ಅಂದರೆ ಎರಡು ಕೇಡು ಕೂಡಿದರೆ ಆಯುಷ್ಯ ಇನ್ನಷ್ಟು ಕಡಿಮೆ.

ಇದಕ್ಕೆ ಎದುರಾಗಿ ಆನೆಯನ್ನು ನೋಡಿರಿ. ಬಂಡೀಪುರ, ನಾಗರಹೊಳೆ ಕಾಡಿನಲ್ಲಿರುವ ಆನೆಯ ಮೈ ಎಷ್ಟು ದೊಡ್ಡದು! ಕೋಶಗಳು ನಮಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ಅದಕ್ಕೆ ಕ್ಯಾನ್ಸರ್ ಕಡಿಮೆ, ಅರವತ್ತು ವರ್ಷದವರೆಗೂ ಬದುಕುತ್ತದೆ. 2015ರಲ್ಲಿ ಇದಕ್ಕೆ ಒಂದು ಕಾರಣ ಸಿಕ್ಕಿತು. ನಮ್ಮಲ್ಲಿ ಪಿ53ರ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು, ಒಟ್ಟು ಎರಡು. ಆನೆಯಲ್ಲಿ ಅದರ ನಕಲುಗಳು ಸುಮಾರು 40. ತಪ್ಪು ಆದ ಕೋಶವನ್ನು ಆನೆಯ ಮೈ ಬೇಗ ತೆಗೆದುಹಾಕುತ್ತದೆ. ನಮಗೆ ಎರಡೇ ಇರುವುದರಿಂದ ನಾವು ಅವನ್ನು ಜೋಪಾನ ಮಾಡಬೇಕು.

ಕ್ಯಾನ್ಸರ್ ಕೋಶದ ಉಪಾಯ

ಓದುವಾಗ ನನಗೆ ಒಂದು ಪ್ರಶ್ನೆ ಬಂತು. ಮೂರು ನಾಲ್ಕು ಕಡೆ ಜಗ್ಗಿದರೆ ಕೋಶ ಸಾಯುತ್ತದೆ ಎಂದೆವು. ಹಾಗಾದರೆ ಕ್ಯಾನ್ಸರ್ ಕೋಶ ಅಷ್ಟು ಸೆಂಟ್ರೋಸೋಮ್ ಇಟ್ಟುಕೊಂಡು ಹೇಗೆ ಬದುಕುತ್ತದೆ?

ಅದು ಉಪಾಯ ಮಾಡುತ್ತದೆ. ಒಡೆಯುವಾಗ ಹೆಚ್ಚಿನ ಸೆಂಟ್ರೋಸೋಮುಗಳನ್ನು ಒತ್ತಟ್ಟಿಗೆ ಕೂಡಿಸಿ ಎರಡೇ ಗುಂಪು ಮಾಡುತ್ತದೆ. ಹಗ್ಗ ಜಗ್ಗಾಟದಲ್ಲಿ ನಾಲ್ಕು ತಂಡ ಬಂದರೆ ಎರಡೆರಡು ಸೇರಿಸಿ ಎರಡು ತಂಡ ಮಾಡಿದ ಹಾಗೆ. ಆಗ ಕೋಶ ಎರಡಾಗಿಯೇ ಒಡೆಯುತ್ತದೆ, ಸಾಯುವುದಿಲ್ಲ. ಆದರೆ ಗುಂಪು ಕೂಡುವ ಮೊದಲಿನ ಗದ್ದಲದಲ್ಲಿ ಕೆಲವು ವರ್ಣತಂತುಗಳಿಗೆ ಎರಡೂ ಕಡೆಯ ದಾರ ಸಿಕ್ಕಿಕೊಂಡಿರುತ್ತವೆ. ಅವು ನಡುವೆ ಹಿಂದೆ ಬೀಳುತ್ತವೆ, ತಪ್ಪು ಮನೆ ಸೇರುತ್ತವೆ. 2009ರಲ್ಲಿ ವಿಜ್ಞಾನಿಗಳು ಜೀವಂತ ಕೋಶಗಳ ಚಿತ್ರ ತೆಗೆದು ಇದನ್ನು ಕಂಡರು. ಪ್ರತಿ ಸಲ ಸ್ವಲ್ಪ ಸ್ವಲ್ಪ ತಪ್ಪು. ಹೀಗೆ ತಪ್ಪುತ್ತ ತಪ್ಪುತ್ತ ಯಾವುದೋ ಒಂದು ಕೋಶಕ್ಕೆ ನಿಲ್ಲದೆ ಬೆಳೆಯುವ ಗುಣ ಬಂದುಬಿಡುತ್ತದೆ.

ಒಂದು ವೈರಸ್ಸಿನ ಕಥೆ

ಎರಡೂ ಕೇಡನ್ನು ಒಬ್ಬನೇ ಮಾಡುವ ಕಳ್ಳನೂ ಇದ್ದಾನೆ. ಅದು ಎಚ್.ಪಿ.ವಿ. ಎಂಬ ವೈರಸ್. ಹೆಣ್ಣುಮಕ್ಕಳಿಗೆ ದೊಡ್ಡವರಾದ ಮೇಲೆ ಬರುವ ಗರ್ಭಕೊರಳಿನ ಕ್ಯಾನ್ಸರಿಗೆ ಇದೇ ಕಾರಣ. ಇದರ ಕೆಟ್ಟ ತಳಿಗಳಲ್ಲಿ ಇ6, ಇ7 ಎಂಬ ಎರಡು ಪ್ರೋಟೀನುಗಳಿವೆ. ಇ6 ಬಂದು ಪಿ53ನ್ನು ನಾಶ ಮಾಡುತ್ತದೆ. ಇ7 ಬಂದು ಸೆಂಟ್ರೋಸೋಮ್ ಹೆಚ್ಚಿಸುತ್ತದೆ. ಕಾವಲುಗಾರನನ್ನು ಕೊಂದು ಆಮೇಲೆ ಲೆಕ್ಕ ಕೆಡಿಸುವುದು! ಒಳ್ಳೆಯ ಸುದ್ದಿ ಅಂದರೆ ಇದಕ್ಕೆ ಲಸಿಕೆ ಇದೆ. 9ರಿಂದ 14 ವರ್ಷದ ಹುಡುಗಿಯರಿಗೆ ಹಾಕಿಸಿದರೆ ಬಹಳ ಚಲೋ ಕೆಲಸ ಮಾಡುತ್ತದೆ. ಅಂದರೆ ನಮ್ಮ ವಯಸ್ಸೇ. ಗೆಳತಿಯರು ಮನೆಯಲ್ಲಿ ಅವ್ವನ ಮುಂದೆ ಈ ಮಾತು ಹೇಳಬೇಕು, ಆಶಾ ಅಕ್ಕನನ್ನು ಕೇಳಬೇಕು. ನಾಚಿಕೆ ಪಡುವ ವಿಷಯ ಇದಲ್ಲ.

ನಮ್ಮೂರ ಮಾತು: ತಂಬಾಕು

ನಮ್ಮ ಕಡೆ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ಭಾರತದಲ್ಲಿ 2022ರಲ್ಲಿ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದವರು 1 ಲಕ್ಷ 40 ಸಾವಿರಕ್ಕಿಂತ ಹೆಚ್ಚು ಎಂದು ಅಂದಾಜು. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ದೊಡ್ಡವರಲ್ಲಿ ಸುಮಾರು 23 ಮಂದಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಹೆಚ್ಚಿನವರು ಸೇದುವವರಲ್ಲ, ಬಾಯಲ್ಲಿ ಹಾಕಿಕೊಳ್ಳುವವರು.

ತಂಬಾಕಿನಲ್ಲಿರುವ ವಿಷಗಳು ಕೋಶದ ಬರಹವನ್ನೇ ಕೆಡಿಸುತ್ತವೆ. 1996ರಲ್ಲಿ ಅಮೆರಿಕದ ವಿಜ್ಞಾನಿಗಳು ತಂಬಾಕಿನ ಹೊಗೆಯ ಒಂದು ವಿಷವನ್ನು ಪರೀಕ್ಷಿಸಿದರು. ಅದು ಪಿ53ರ ಜೀನಿನಲ್ಲಿ ಎಲ್ಲಿ ಹೋಗಿ ಅಂಟುತ್ತದೋ, ಪುಪ್ಪುಸದ ಕ್ಯಾನ್ಸರ್ ಆದವರಲ್ಲಿ ಆ ಜೀನ್ ಅಲ್ಲಿಯೇ ಹೆಚ್ಚಾಗಿ ಕೆಟ್ಟಿತ್ತು. ಬಾಯಿಯ ಕ್ಯಾನ್ಸರುಗಳಲ್ಲಿಯೂ ಪಿ53 ಕೆಟ್ಟಿರುವುದು ಬಹಳ ಸಾಮಾನ್ಯ. ಅಂದರೆ ತಂಬಾಕು ತಿನ್ನುವವನು ದಿನಾಲೂ ತನ್ನ ಕಾವಲುಗಾರನ ಮೇಲೆ ಕಲ್ಲು ಒಗೆಯುತ್ತಿರುತ್ತಾನೆ. ಬರೀ ಅಡಿಕೆ ಆದರೆ ಪರವಾಗಿಲ್ಲ ಎಂದು ಕೆಲವರು ಅನ್ನುತ್ತಾರೆ. ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 2004ರಲ್ಲಿಯೇ ಹೇಳಿದ್ದಾರೆ. ಸಿಹಿ ಸುಪಾರಿ ಚೀಟು ಹರಿದು ಬಾಯಿಗೆ ಸುರಿದುಕೊಳ್ಳುವ ಗೆಳೆಯರು ಇದನ್ನು ಎರಡು ಸಲ ಓದಬೇಕು.

ನಮ್ಮ ಅಜ್ಜನ ಮುಂದೆ ಇದನ್ನೆಲ್ಲ ಹೇಳಿದೆ. ಅಜ್ಜ ಅಂದ: "ಐವತ್ತು ವರ್ಷ ಆತು ನಾ ತಂಬಾಕ ತಿನ್ನಾಕ ಹತ್ತಿ. ನನಗೇನಾಗೇತಿ? ಗಟ್ಟಿ ಅದೀನಿ." ಅದೂ ಖರೇನೇ. ಆದರೆ ನಮ್ಮ ಓಣಿಯಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಒಬ್ಬ ಕಾಕಾ ನಲವತ್ತೆರಡನೆಯ ವಯಸ್ಸಿನಲ್ಲಿ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಮಗಳು ನಮ್ಮ ಶಾಲೆಯಲ್ಲಿಯೇ ಓದುತ್ತಾಳೆ. ಇಬ್ಬರೂ ತಿಂದದ್ದು ಒಂದೇ ತಂಬಾಕು. ಒಬ್ಬರಿಗೆ ಬಂತು, ಒಬ್ಬರಿಗೆ ಬರಲಿಲ್ಲ. ಯಾಕೆ?

ಮೇಲಿನದೆಲ್ಲ ಓದಿದರೆ ಉತ್ತರ ಸಿಗುತ್ತದೆ. ಕ್ಯಾನ್ಸರ್ ಆಗಲು ಒಂದೇ ಕೋಶದಲ್ಲಿ ಹಲವು ತಪ್ಪುಗಳು ಕೂಡಬೇಕು. ಕಾವಲುಗಾರ ಕೆಡಬೇಕು, ಲೆಕ್ಕ ತಪ್ಪಬೇಕು, ಆದರೂ ಆ ಕೋಶ ಸಾಯದೆ ಉಳಿಯಬೇಕು. ಯಾರ ಯಾವ ಕೋಶದಲ್ಲಿ ಅವು ಯಾವಾಗ ಕೂಡುತ್ತವೆ ಎಂದು ಮೊದಲೇ ಹೇಳಲು ಬರುವುದಿಲ್ಲ. ತಂಬಾಕು ತಿಂದಷ್ಟೂ ಕೂಡುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ. ನಾನು ಅಜ್ಜನಿಗೆ ಅಂದೆ: "ಅಜ್ಜಾ, ಗಾಂಧಿ ಚೌಕದಾಗ ಒಬ್ಬಾಂವ ಕಣ್ಣ ಮುಚ್ಚಿ ರಸ್ತೆ ದಾಟಿ ಬದುಕಿ ಬಂದ ಅಂತ ಎಲ್ಲಾರೂ ಕಣ್ಣ ಮುಚ್ಚಿ ದಾಟಬೇಕೇನು?" ಅಜ್ಜ ನಕ್ಕ. ಚಂಚಿ ಮಾತ್ರ ಇನ್ನೂ ಬಿಟ್ಟಿಲ್ಲ. ಆದರೆ ಈಗ ನನ್ನ ಕೈಯಿಂದ ತಂಬಾಕು ತರಿಸುವುದನ್ನು ಬಿಟ್ಟಿದ್ದಾನೆ.

ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರಲ್ಲಿಯೇ ಕಾನೂನು ಆಗಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟಕಾ ನಿಷೇಧ ಮಾಡಿದರು. ಕಾನೂನು ಇದ್ದರೂ ಬಾಯಿ ನಮ್ಮದೇ ಅಲ್ಲವೆ?

ಔಷಧಿ ಮತ್ತು ನಮ್ಮ ಶಾಲೆಯ ಹೂವು

ನಮ್ಮ ಶಾಲೆಯ ಕೈತೋಟದಲ್ಲಿ ವರ್ಷವಿಡೀ ಅರಳುವ ನಸುಗೆಂಪು ನಿತ್ಯಪುಷ್ಪ ಇದೆ. ಸದಾಪುಷ್ಪ, ಕಾಶಿಕಣಗಿಲೆ ಎಂದೂ ಕರೆಯುತ್ತಾರೆ. ಈ ಗಿಡದಿಂದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ಸಿಕ್ಕಿವೆ. ಕೋಶ ಒಡೆಯುವಾಗ ವರ್ಣತಂತು ಜಗ್ಗುವ ದಾರಗಳು ಕಟ್ಟಿಕೊಳ್ಳದಂತೆ ಇವು ತಡೆಯುತ್ತವೆ. ಹಗ್ಗವೇ ಇಲ್ಲದಿದ್ದರೆ ಜಗ್ಗಾಟ ಎಲ್ಲಿಯದು? ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಕೊಡುತ್ತಾರೆ. ಆದರೆ ಯಾರೂ ಆ ಗಿಡದ ಎಲೆ ತಿನ್ನಬಾರದು. ಅದು ವಿಷ. ಡಾಕ್ಟರರು ಅಳತೆ ಮಾಡಿ ಕೊಟ್ಟರೆ ಮಾತ್ರ ಔಷಧಿ.

ಹೆಚ್ಚಿನ ಸೆಂಟ್ರೋಸೋಮುಗಳು ಗುಂಪು ಕೂಡದಂತೆ ಮಾಡಿದರೆ ಕ್ಯಾನ್ಸರ್ ಕೋಶ ತಾನೇ ಸಾಯುತ್ತದೆ ಎಂಬ ವಿಚಾರದ ಮೇಲೆ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದಾರೆ. ಪಿ.ಎಲ್.ಕೆ.4 ಮೇಸ್ತ್ರಿಯನ್ನು ತಡೆಯುವ ಔಷಧಿಗಳನ್ನೂ ರೋಗಿಗಳಲ್ಲಿ ಪರೀಕ್ಷೆ ಮಾಡಿದ್ದಾರೆ. ಒಳ್ಳೆಯ ಕೋಶದಲ್ಲಿ ಸೆಂಟ್ರೋಸೋಮ್ ಎರಡೇ ಇರುವುದರಿಂದ ಗುಂಪು ಕೂಡಿಸುವ ಅಗತ್ಯ ಅದಕ್ಕಿಲ್ಲ. ಆದ್ದರಿಂದ ಅದಕ್ಕೆ ತ್ರಾಸ ಕಡಿಮೆ ಎಂಬ ಆಸೆ.

ನಿಮಗಿದು ಗೊತ್ತೆ?

ಟಿಕೋಟಾ ಕಡೆಯ ದ್ರಾಕ್ಷಿ ಬಳ್ಳಿಯಲ್ಲಿ, ನಮ್ಮ ಹೊಲದ ಜೋಳದಲ್ಲಿ, ತೊಗರಿಯಲ್ಲಿ ಸೆಂಟ್ರೋಸೋಮ್ ಇಲ್ಲವೇ ಇಲ್ಲ! ಅವುಗಳ ಕೋಶಗಳು ಚೌಕ ಇಲ್ಲದೆಯೇ ದಾರ ಕಟ್ಟಿ ಸರಿಯಾಗಿ ಪಾಲು ಮಾಡುತ್ತವೆ. ದ್ರಾಕ್ಷಿ ಬಳ್ಳಿಗೂ ಬುಡದಲ್ಲಿ ಗಂಟು ಬರುವ ಒಂದು ರೋಗ ಇದೆ, ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಆದರೆ ಗಿಡದ ಕೋಶಗಳಿಗೆ ಗಟ್ಟಿ ಗೋಡೆ ಇರುವುದರಿಂದ ಅವು ಎದ್ದು ಬೇರೆ ಕಡೆ ಹೋಗಲಾರವು. ನಮ್ಮ ಕ್ಯಾನ್ಸರ್ ಕೋಶ ರಕ್ತದಲ್ಲಿ ಸೇರಿ ಬೇರೆ ಅಂಗಕ್ಕೆ ಹೋಗಿ ಮನೆ ಮಾಡುತ್ತದೆ. ಅದಕ್ಕೇ ಬೇಗ ಗುರುತಿಸಬೇಕು.

ಬೇಗ ಗುರುತಿಸುವುದು ಹೇಗೆ?

1. ಬಾಯಿಯ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ.
2. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಕಲೆ ಕಂಡರೆ.
3. ಬಾಯಿ ಪೂರ್ತಿ ತೆರೆಯಲು ಬರದಿದ್ದರೆ.
4. ಮೈಯಲ್ಲಿ ಎಲ್ಲಿಯಾದರೂ ಗಂಟು ಕಂಡು ಬೆಳೆಯುತ್ತಿದ್ದರೆ.

ಇವು ಕಂಡರೆ ಕ್ಯಾನ್ಸರೇ ಎಂದು ಅಲ್ಲ. ಆದರೆ ನೋವಿಲ್ಲ ಎಂದು ಸುಮ್ಮನೆ ಕೂಡಬಾರದು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಆಮೇಲೆ ವಿಜಯಪುರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ ಇದೆ. ಬೇಗ ಹೋದವರು ಬದುಕುವ ಸಾಧ್ಯತೆ ಬಹಳ ಹೆಚ್ಚು.

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳುತ್ತಾರೆ. ಸೆಂಟ್ರೋಸೋಮ್ ಇಲ್ಲದೆ ನಮ್ಮ ಕೋಶಕ್ಕೆ ನಡೆಯುವುದಿಲ್ಲ, ಹೆಚ್ಚಾದರೂ ನಡೆಯುವುದಿಲ್ಲ. ಅದರ ಲೆಕ್ಕ ಇಡುವುದು ನಮ್ಮ ಕೈಯಲ್ಲಿಲ್ಲ. ಲೆಕ್ಕ ನೋಡುವ ಕಾವಲುಗಾರನನ್ನು ಕೆಡಿಸದೆ ಇರುವುದು ಮಾತ್ರ ನಮ್ಮ ಕೈಯಲ್ಲಿ ಐತಿ.

ಉತ್ತರ ಹೇಳಿರಿ ನೋಡೋಣ

1. ಕೋಶ ಒಡೆಯುವಾಗ ಸೆಂಟ್ರೋಸೋಮ್ ಎಷ್ಟು ಇರಬೇಕು?
2. ಸ್ವಲ್ಪ ಹೆಚ್ಚಾದದ್ದು ಬಹಳ ಹೆಚ್ಚಾದದ್ದಕ್ಕಿಂತ ಯಾಕೆ ಅಪಾಯ?
3. ನಿಮ್ಮ ಮನೆಯಲ್ಲಿ ತಂಬಾಕು ತಿನ್ನುವವರು ಯಾರು? ಅವರು ಕನ್ನಡಿ ಹಿಡಿದು ತಮ್ಮ ಬಾಯಿ ನೋಡಿಕೊಂಡು ಎಷ್ಟು ದಿನ ಆಯಿತು? ಈ ಉತ್ತರವನ್ನು ಇಲ್ಲಿ ಬರೆಯಬೇಡಿರಿ. ಇವತ್ತು ಸಂಜೆ ಮನೆಗೆ ಹೋಗಿ ಅವರನ್ನೇ ಕೇಳಿರಿ.

ಏಳನೆಯ ತರಗತಿ